ಮೂಡಿಗೆರೆ ಕಡೆಯ ಹಿತ್ತಾಳೆ ಬಿಲ್ಲೆ: ‘ಕೆ.ಡಿ.’ ಅಂದ್ರೆ ಯಾರು?

ತೋಟದಬೇಲಿ:
ನಮಸ್ಕಾರ ಎಲ್ಲರಿಗೂ. ಹಳೇ ಸಾಮಾನಿನ ಲಾಟಿನಲ್ಲಿ ಬಂದ 14 ಹಿತ್ತಾಳೆ ಬಿಲ್ಲೆ, ಮೂಡಿಗೆರೆ ಕಡೆಯ ಮಾಲು. ದುಂಡಗಿವೆ, ಅಡ್ಡಗಲ 28 ಮಿ.ಮೀ., ನೆತ್ತಿಯಲ್ಲಿ ದಾರ ಪೋಣಿಸುವಷ್ಟು ತೂತು. ಮುಂಭಾಗದ ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಎಸ್.ಎಂ.’, ಅದರ ಕೆಳಗೆ ಸಣ್ಣದಾಗಿ ‘ಕೆ.ಡಿ.’. ಹಿಂಭಾಗ ಬೋಳು, 11 ಬಿಲ್ಲೆಗೆ ಒಂದು ಉದ್ದಗೀಟು, ಮೂರಕ್ಕೆ ಎರಡು ಉದ್ದಗೀಟು, ಅಷ್ಟೇ. ಇಸವಿ ಇಲ್ಲ, ಬೆಲೆ ಇಲ್ಲ. ಎಸ್.ಎಂ. ಅಂದ್ರೆ ಯಾವ ಸಾಹುಕಾರರು? ತೋಟದ್ದಾ, ಅಂಗಡಿದಾ? ಗೊತ್ತಿದ್ದವರು ಹೇಳಿ.

ಒಗ್ಗರಣೆ:
ಎಸ್.ಎಂ. ಅಂದ್ರೆ ಸಾಲ ಮಾಡಿದವರು.

ಅರಕಲಗೂಡು73:
ನೂರಕ್ಕೆ ನೂರು ತೋಟದ ಟೋಕನ್. ಕುಯ್ಲಿನಲ್ಲಿ ಬುಟ್ಟಿಗೊಂದು ಕೊಟ್ಟು, ಸಂಜೆ ರೈಟರು ಎಣಿಸಿ ಪುಸ್ತಕಕ್ಕೆ ಹಾಕ್ಕೊಳ್ಳೋದು. ಎಸ್.ಎಂ. ಒಬ್ಬ ಪಾಲುದಾರ, ಕೆ.ಡಿ. ಇನ್ನೊಬ್ಬ. ಮುಗೀತು.

ಕಾಸುಕಾಳು:
ಅಷ್ಟು ಬೇಗ ಮುಗಿಸ್ಬೇಡಿ ಮಾರಾಯ್ರೆ. ಅಕ್ಷರ ಹಿಡ್ಕೊಂಡು ಹೊರಟವರು ದಾರಿ ತಪ್ಪೋದೇ ಇಲ್ಲಿ. ಎಸ್.ಎಂ.ಗೆ ಹೊಂದೋ ಹೆಸರು ಯಾವ ಊರಲ್ಲಿ ಸಿಗಲ್ಲ ಹೇಳಿ? ಮೊದಲು ಬಿಲ್ಲೆ ಏನು ಕೆಲಸ ಮಾಡ್ತಿತ್ತು ಅನ್ನೋದು ಬಗೆಹರೀಲಿ, ಆಮೇಲೆ ಲೋಹ ಮತ್ತು ಮಾಡಿದ ರೀತಿ, ಹೆಸರು ಕೊನೆಗೆ.

ಕೆಲಸ ಗೊತ್ತಾಗೋದು ಹಿಂದಿನ ಗುರುತಿನಿಂದ. ಪ್ರತಿ ಬಿಲ್ಲೆಗೂ ಬೇರೆ ಬೇರೆ ನಂಬರ್ (17, 42, 108 ಹೀಗೆ) ಇದ್ರೆ ಅದು ಒಬ್ಬ ಮನುಷ್ಯನನ್ನೋ ಒಂದು ವಸ್ತುವನ್ನೋ ಗುರುತು ಹಿಡಿಯೋಕೆ: ಬ್ಯಾಂಕಿನ ಕ್ಯಾಷ್ ಕೌಂಟರು, ಸೈಕಲ್ ಸ್ಟ್ಯಾಂಡು, ವರ್ಕ್‌ಶಾಪಿನ ಹತಾರ, ಹಾಜರಿ. ಒಂದೇ ಗುರುತು ಹತ್ತಾರು ಬಿಲ್ಲೆಯಲ್ಲಿ ಮತ್ತೆ ಮತ್ತೆ ಬಂದ್ರೆ ಅದು ಎಣಿಕೆ ಅಥವಾ ಬೆಲೆ. ಕಾಫಿ, ಹಾಲು, ಊಟ ಅಂತ ಬರೆದಿದ್ರೆ ಹೋಟ್ಲು, ಡೇರಿ, ಛತ್ರ. ಇಸವಿ ದಪ್ಪಕ್ಕೆ ಇದ್ದು ಟಿ.ಎಂ.ಸಿ. ಅಂತಿದ್ರೆ ಪುರಸಭೆಯ ಸೈಕಲ್ ಬಿಲ್ಲೆ, ನಾಯಿ ಬಿಲ್ಲೆ. ಅದನ್ನ ಯಾರೋ ಸೇಟು ಅಂದ್ಕೊಂಡು ಹುಡುಕೋರು ಈಗ್ಲೂ ಇದ್ದಾರೆ.

ನಿಮ್ಮದರಲ್ಲಿ 11ಕ್ಕೆ ಒಂದೇ ಗುರುತು. ಹಾಗಾಗಿ ಹಾಜರಿ ಅಲ್ಲ. ಎಣಿಕೆ ಅಥವಾ ಬೆಲೆ. ಅಲ್ಲಿಗೆ ಅರಕಲಗೂಡಿನವರು ಅರ್ಧ ಸರಿ.

ಅರಕಲಗೂಡು73:
ಅರ್ಧ ಯಾಕೆ? ಬುಟ್ಟಿ ಎಣಿಕೆ ಅಂದಿದ್ದೀನಲ್ಲ.

ಗೀಟುಲೆಕ್ಕ:
ಉದ್ದಗೀಟು ಅಂದ ಕೂಡಲೆ ಒಂದು, ಎರಡು ಅಂತ ಓದ್ಬೇಡಿ. ಹಳೇ ಖಾತೆ ಪುಸ್ತಕದಲ್ಲಿ ಒಂದು ಉದ್ದಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು. ರೂಪಾಯಿ ಜಾಗದಲ್ಲಿದ್ರೆ 4 ಆಣೆ, 8 ಆಣೆ, 12 ಆಣೆ. ಸೇರಿನ ಲೆಕ್ಕದಲ್ಲಾದ್ರೆ ಪಾವು, ಅಚ್ಚೇರು, ಮುಕ್ಕಾಲು ಸೇರು. ಆಳಿನ ಲೆಕ್ಕದಲ್ಲಾದ್ರೆ ಕಾಲಾಳು, ಅರೆಯಾಳು. ಮಳೆ ಬಂದು ಮಧ್ಯಾಹ್ನಕ್ಕೇ ಕೆಲಸ ನಿಂತ್ರೆ ಅರೆಯಾಳು ಬರೆಯೋದು ಯಾವ ತೋಟದಲ್ಲೂ ಹೊಸದಲ್ಲ.

ಪರೀಕ್ಷೆ ಸುಲಭ: ನಾಲ್ಕು ಗೀಟಿನ ಬಿಲ್ಲೆ ಒಂದೇ ಒಂದು ಸಿಕ್ಕಿದ್ರೂ ಅದು ಎಣಿಕೆ. ಭಿನ್ನರಾಶಿಯಲ್ಲಿ ನಾಲ್ಕನೇ ಗೀಟು ಬರೋದೇ ಇಲ್ಲ, ಅಷ್ಟೊತ್ತಿಗೆ ಒಂದು ಪೂರ್ತಿಯಾಗಿ ಪಕ್ಕದ ಮನೆಗೆ ಹೋಗುತ್ತೆ.

ತೋಟದಬೇಲಿ:
ನಾಲ್ಕೂ ಇಲ್ಲ, ಮೂರೂ ಇಲ್ಲ. ಒಂದು, ಎರಡು ಅಷ್ಟೇ.

ಗೀಟುಲೆಕ್ಕ:
ಹಾಗಾದ್ರೆ ಎರಡೂ ಬಾಗಿಲು ತೆರೆದಿವೆ.

ಲಕ್ಕಿ_ಕಡೂರು:
ಅಣ್ಣ ಇದಕ್ಕೆ ಎಷ್ಟು ಬರುತ್ತೆ? 1818ರ ಈಸ್ಟ್ ಇಂಡಿಯಾ ಕಂಪನಿ ಒಂದಾಣೆ, ರಾಮ ಸೀತೆ ಹನುಮಂತ ಇರೋದು, ಅದಕ್ಕೆ ಲಕ್ಷ ಲಕ್ಷ ಕೊಡ್ತಾರಂತಲ್ಲ? ಅಕ್ಕಿ ಎಳೆಯುತ್ತಂತೆ.

ಹಾಸನದ ತಕ್ಕಡಿ:
ತಮ್ಮಾ, ಅದು ಅಕ್ಕಿ ಎಳೆಯಲ್ಲ, ನಿನ್ನ ಜೇಬು ಎಳೆಯುತ್ತೆ. ಕಂಪನಿ ಯಾವತ್ತೂ ರಾಮಪಟ್ಟಾಭಿಷೇಕದ ಒಂದಾಣೆ ಹೊಡೆಸಿಲ್ಲ. 1835ರ ಏಕರೂಪ ನಾಣ್ಯದಲ್ಲಿ ತಾಮ್ರಕ್ಕೆ ಅರ್ಧ ಆಣೆ, ಕಾಲಾಣೆ, ಆಣೆಯ ಹನ್ನೆರಡನೇ ಒಂದು ಪಾಲು, ಇಷ್ಟೇ. ಒಂದಾಣೆಯ ನಾಣ್ಯ ಬಂದಿದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, ಅಂಚು ಅಲೆ ಅಲೆಯಾಗಿ. 1818 ಅಂತ ಹಾಕಿದ್ದೆಲ್ಲ ಆಮೇಲೆ ಯಾರೋ ಮಾಡಿ ಮಾರಿದ್ದು. ರಾಮಟಂಕ ಅನ್ನೋದು ಬೇರೆ, ಅದು ಪೂಜೆಯ ಬಿಲ್ಲೆ, ನಾಣ್ಯ ಅಲ್ಲ. ರೈಸ್ ಪುಲ್ಲರ್ ಅಂತ ಯಾರಾದ್ರೂ ಮುಂಗಡ ಕೇಳಿದ್ರೆ ಕೊಡೋಕೆ ಹೋಗ್ಬೇಡ, ಪೊಲೀಸರಿಗೆ ಹೇಳು.

ಇನ್ನು ಮೂಲ ಪ್ರಶ್ನೆಗೆ. ಹಿತ್ತಾಳೆ ಅಂತ ಕಣ್ಣಲ್ಲಿ ನೋಡಿ ಹೇಳಿದ್ರಾ, ತೂಗಿ ಹೇಳಿದ್ರಾ? 0.01 ಗ್ರಾಂ ತೋರಿಸೋ ಚಿನ್ನದಂಗಡಿ ತಕ್ಕಡಿ ಸಾಕು. ಒಣ ತೂಕ ಬರ್ಕೊಳ್ಳಿ. ಆಮೇಲೆ ನೀರು ತುಂಬಿದ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬಿಲ್ಲೆಯನ್ನ ಸಣ್ಣ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗಬೇಕು ಆದ್ರೆ ತಳಕ್ಕೂ ಗೋಡೆಗೂ ತಾಗಬಾರದು, ಹಾಗೆ ತೂಗುಹಾಕಿ. ಈಗ ತೋರಿಸೋ ಅಂಕಿಯಿಂದ ಒಣ ತೂಕವನ್ನ ಭಾಗಿಸಿ. 8.4ರಿಂದ 8.7 ಬಂದ್ರೆ ಹಿತ್ತಾಳೆ, 8.9 ಆಸುಪಾಸು ತಾಮ್ರ, 7.1 ಸತು, 2.7 ಅಲ್ಯೂಮಿನಿಯಂ. ತೂತಿನಲ್ಲಿ ಗಾಳಿಗುಳ್ಳೆ ಕೂತ್ರೆ ಲೆಕ್ಕ ಕೆಳಗೆ ಜಾರುತ್ತೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ.

ಅಲ್ಯೂಮಿನಿಯಂ ಆಗಿದ್ರೆ ಒಂದು ಲಾಭ ಇತ್ತು. 1886ರಲ್ಲಿ ವಿದ್ಯುತ್ತಿನಿಂದ ಅದನ್ನ ತೆಗೆಯೋ ದಾರಿ ಗೊತ್ತಾದ ಮೇಲೇ ಅದು ಅಗ್ಗವಾದದ್ದು, ಆದ್ದರಿಂದ ಅದಕ್ಕಿಂತ ಹಳೇದಲ್ಲ ಅಂತ ಕಣ್ಮುಚ್ಚಿ ಹೇಳಬಹುದು. ಹಿತ್ತಾಳೆ ಕಾಲದ ವಿಷಯದಲ್ಲಿ ಬಾಯಿ ಬಿಡಲ್ಲ.

ತೋಟದಬೇಲಿ:
ಒಣ ತೂಕ 7.82, ನೀರಿನಲ್ಲಿ ತೋರಿಸಿದ್ದು 0.92.

ಹಾಸನದ ತಕ್ಕಡಿ:
8.5. ಹಿತ್ತಾಳೆಯೇ. ಇನ್ನೂ ನಾಲ್ಕು ತೂಗಿ. ಎಲ್ಲ 7.7ರಿಂದ 7.9ರೊಳಗೆ ನಿಂತ್ರೆ ಒಂದೇ ತಗಡಿನಿಂದ ಕತ್ತರಿಸಿದ್ದು. ಒಂದು 7, ಒಂದು 9 ಅಂತ ಕುಣಿದ್ರೆ ಎರಕ, ಇಲ್ಲಾಂದ್ರೆ ಬೇರೆ ಬೇರೆ ಸಲ ಮಾಡಿಸಿದ್ದು.

ಮಂಜರಾಬಾದಿ:
ಸಿಲೋನಿನದಾ ಅಂತ ಒಮ್ಮೆ ನೋಡಿಬಿಡಿ. ನಮ್ಮ ಕಡೆ ಸಿಗೋ ‘ತೋಟದ ಟೋಕನ್’ಗಳಲ್ಲಿ ಸಿಲೋನಿನವೂ ಸೇರಿರ್ತವೆ. ಅಲ್ಲಿನ ಕಾಫಿ ಕಂಪನಿಗಳು 19ನೇ ಶತಮಾನದಲ್ಲಿ ಬಿಲ್ಲೆ ಹೊಡೆಸಿದ್ದವು. ಕೊಲಂಬೋದ ಜಾರ್ಜ್ ಸ್ಟೂವರ್ಟ್ ಕಂಪನಿಯ ವೇಕಂದ ಮಿಲ್ಲಿನದು, 1843 ಅಂತ ಇಸವಿ ಇರೋದು, ಹೆಸರಾದದ್ದು. 1869ರಿಂದ ಎಲೆತುಕ್ಕು ರೋಗ ಹತ್ತಿ ಅಲ್ಲಿ ಕಾಫಿಯೇ ನಾಶವಾಯ್ತು. ಅಸ್ಸಾಂ, ಕಾಚಾರ್, ಸಿಲ್ಹೆಟ್ ಟೀ ತೋಟದ ಬಿಲ್ಲೆಗಳೂ ಗುಜರಿ ಜೊತೆ ಇಲ್ಲೀವರೆಗೆ ಬರ್ತವೆ. ಅವುಗಳಲ್ಲಿ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲಿ ಹೊಡೆದವು ಇವೆ. ಆ ಸಂಸ್ಥೆ 1889ರಲ್ಲಿ ‘ದ ಮಿಂಟ್, ಬರ್ಮಿಂಗ್‌ಹ್ಯಾಮ್, ಲಿಮಿಟೆಡ್’ ಆಯ್ತು, ಹಾಗಾಗಿ ಬಿಲ್ಲೆ ಮೇಲೆ ಯಾವ ಹೆಸರಿದೆ ಅನ್ನೋದೇ ಕಾಲ ಹೇಳುತ್ತೆ. ಅಂಥವಕ್ಕೆ ಎತ್ತರಿಸಿದ ಅಂಚು, ಎರಡೂ ಕಡೆ ಅಚ್ಚು, ಒಪ್ಪವಾದ ಅಕ್ಷರ ಇರುತ್ತೆ. ಹಿಂಭಾಗ ಬೋಳು ಅಂತೀರಿ, ಅದಕ್ಕೇ ಇದು ಸೀಮೆಯಿಂದ ಬಂದ ಮಾಲು ಅನ್ನಿಸ್ತಿಲ್ಲ.

ಒಗ್ಗರಣೆ:
ಹಿಂಭಾಗ ಬೋಳು, ಮುಂಭಾಗ ಸಾಲ. ಯಾರದು ಅಂತ ಗೊತ್ತಾಗ್ತಿದೆ.

ಅರಕಲಗೂಡು73:
ಕೃಷ್ಣರಾಜ ಒಡೆಯರ ಕಾಲದ ಕಾಸೂ ಇರಬಹುದಲ್ಲ? ಇಂಗ್ಲಿಷಿನಲ್ಲಿ ‘ಕ್ಯಾಷ್’ ಅಂತ ಬರೆದದ್ದು ಇದೆ.

ಕಾಸುಕಾಳು:
ಮುಮ್ಮಡಿಯವರ ತಾಮ್ರದ ಕಾಸಿನಲ್ಲಿ ಆನೆಯೋ ಸಿಂಹವೋ ಇರುತ್ತೆ, ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತಿರುತ್ತೆ, ಜೊತೆಗೆ ರೋಮನ್ ಅಂಕಿಯಲ್ಲಿ 5, 10, 20, 25. ಅದು ತಾಮ್ರ, ಇದು ಹಿತ್ತಾಳೆ ಅಂತ ಈಗಷ್ಟೇ ತೂಗಿ ಆಯ್ತು. ಟಂಕಸಾಲೆಯೂ 1843ಕ್ಕೆ ಮುಚ್ಚಿತು. ಅದನ್ನ ಪಟ್ಟಿಯಿಂದ ತೆಗೀರಿ.

ತೋಟದಬೇಲಿ ಅವರೇ, ಈಗ ಕೆಲಸ ನಿಮ್ಮದು. ಬೂತಗನ್ನಡಿಯಲ್ಲಿ ಮೂರು ನೋಡಿ.

ಒಂದು, ಅಕ್ಷರದ ದೋಷ. ಹದಿನಾಲ್ಕರಲ್ಲೂ ಒಂದೇ ಅಕ್ಷರದ ಒಂದೇ ಮೂಲೆ ಮುರಿದಿದ್ರೆ ಒಂದೇ ಅಚ್ಚಿನಿಂದ ಹೊಡೆದದ್ದು. ಅಕ್ಷರದ ನಡುವಿನ ಅಂತರ ಬಿಲ್ಲೆಯಿಂದ ಬಿಲ್ಲೆಗೆ ಬದಲಾಗ್ತಿದ್ರೆ ಅಕ್ಷರದ ಮೊಳೆ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿದ್ದು. ಅಚ್ಚು ಕೊರೆಸೋಕೆ ದುಡ್ಡು ಬೀಳುತ್ತೆ. ಹತ್ತಿಪ್ಪತ್ತು ಬಿಲ್ಲೆ ಬೇಕಾದವನು ಕೊರೆಸಲ್ಲ, ಮೊಳೆಯಲ್ಲೇ ಮುಗಿಸ್ತಾನೆ.

ಎರಡು, ಗೀಟು. ಅಚ್ಚಿನಲ್ಲೇ ಬಂದ ಗೀಟು ಉಬ್ಬಿರುತ್ತೆ, ಇಲ್ಲವೇ ತಗ್ಗಿದ್ರೂ ಅಂಚು ಮಟ್ಟಸ. ಉಳಿಯಿಂದ ಹೊಡೆದದ್ದಾದ್ರೆ ಎರಡೂ ಬದಿಗೆ ಲೋಹ ಉಬ್ಬಿ ಬದು ಕಟ್ಟಿರುತ್ತೆ, ಉಗುರಿಗೆ ಸಿಗುತ್ತೆ.

ಮೂರು, ತೂತು. ಮುಂದಿನಿಂದ ಪಂಚ್ ಹೊಡೆದಿದ್ರೆ ಮುಂದೆ ಬಾಯಿ ಒಳಕ್ಕೆ ಬಾಗಿ ಹಿಂದೆ ಚೂಪು ಎದ್ದಿರುತ್ತೆ. ಬೈರಿಗೆಯಿಂದ ಕೊರೆದದ್ದಾದ್ರೆ ಒಳಗೋಡೆಯಲ್ಲಿ ಸುತ್ತುಗೆರೆ. ಮುಖ್ಯ ಪ್ರಶ್ನೆ: ತೂತು ಯಾವುದಾದ್ರೂ ಅಕ್ಷರವನ್ನ ತಿಂದಿದೆಯಾ?

ಕಂಚುಕಲೆ:
ನೋಡೋ ಮುಂಚೆ ಒಂದು ಮಾತು, ದಯವಿಟ್ಟು ಹುಣಸೆಹಣ್ಣು, ನಿಂಬೆ, ಪೀತಾಂಬರಿ, ಯಾವುದೂ ಹಚ್ಬೇಡಿ. ಹುಳಿ ತಾಗಿದ್ರೆ ಹಿತ್ತಾಳೆಯಿಂದ ಸತು ಕರಗಿ ಹೋಗಿ ತಾಮ್ರದ ಗುಲಾಬಿ ಕಲೆ ಉಳಿಯುತ್ತೆ, ಅದನ್ನ ಮತ್ತೆ ತೆಗೆಯೋಕಾಗಲ್ಲ. ತಿಕ್ಕೋ ಪುಡಿಯಲ್ಲಿ ಸವೆದ ಅಕ್ಷರದ ಕೊನೇ ಅಂಚೂ ಹೋಗುತ್ತೆ. ಬಟ್ಟಿ ಇಳಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತನೆ ಬ್ರಷ್‌ನಲ್ಲಿ ಮಣ್ಣು ಬಿಡಿಸಿ, ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಅಂಟು, ಎಣ್ಣೆ ಜಿಡ್ಡು ಅಸಿಟೋನ್‌ಗೆ ಹೋಗುತ್ತೆ. ಒಲೆ ಇರೋ ಕಡೆ ಬೇಡ, ತಟ್ಟನೆ ಹೊತ್ಕೊಳ್ಳುತ್ತೆ.

ಇಡೋದು ಪಿವಿಸಿ ಕವರಿನಲ್ಲಿ ಬೇಡ. ನಮ್ಮ ಮಳೆಗಾಲದಲ್ಲಿ ಆ ಪ್ಲಾಸ್ಟಿಕ್ ಹುಳಿಯಾಗಿ ಹಸಿರು ಲೋಳೆ ಬಿಡುತ್ತೆ. ಪಾಲಿಯೆಸ್ಟರ್ ಕವರು, ಡಬ್ಬಿಯಲ್ಲಿ ಸಿಲಿಕಾ ಜೆಲ್. ತಿಳಿಹಸಿರು ಪುಡಿ ಉದುರ್ತಿರೋ ಬಿಲ್ಲೆ ಇದ್ರೆ ಮೊದಲು ಬೇರೆ ಡಬ್ಬಿಗೆ ಹಾಕಿ. ಅದು ಕ್ಲೋರೈಡಿನ ಕಾಯಿಲೆ, ತೇವ ಸಿಕ್ಕಷ್ಟೂ ಲೋಹ ತಿಂತಾನೇ ಹೋಗುತ್ತೆ.

ಗೀಟುಲೆಕ್ಕ:
ಅಕ್ಷರ ಓದೋಕೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನ ಬಿಲ್ಲೆಯ ಮಟ್ಟಕ್ಕೇ ಮಲಗಿಸಿ ಹಿಡೀರಿ. ಬೆಳಕು ಅಲ್ಲೇ ಇರಲಿ, ಬಿಲ್ಲೆಯನ್ನ ಗಡಿಯಾರದ ಮುಳ್ಳಿನಂತೆ ತಿರುಗಿಸ್ತಾ ಹೋಗಿ, ಹನ್ನೆರಡು ಫೋಟೋ ತೆಗೀರಿ. ಒಂದು ಕೋನದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಎದ್ದು ಬರುತ್ತೆ. ಆಮೇಲೆ ತೆಳು ಕಾಗದ ಇಟ್ಟು 6ಬಿ ಪೆನ್ಸಿಲನ್ನ ಮಲಗಿಸಿ ಉಜ್ಜಿ.

ಮಂಜರಾಬಾದಿ:
ಅಷ್ಟರಲ್ಲಿ ಕೆ.ಡಿ. ಬಗ್ಗೆ ನನ್ನ ವಾದ ಹೇಳಿಬಿಡ್ತೀನಿ. ಅದು ಪಾಲುದಾರನಲ್ಲ, ಕಡೂರ್ ಡಿಸ್ಟ್ರಿಕ್ಟ್. ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು 1947ರವರೆಗೆ ಕಡೂರು ಜಿಲ್ಲೆ. ಮೂಡಿಗೆರೆ ಅದರ ತಾಲ್ಲೂಕು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಜಿಲ್ಲೆ ಹಾಕೋದು ವಿಳಾಸದ ರೂಢಿ.

ಅರಕಲಗೂಡು73:
ಹಾಗಾದ್ರೆ ನಮ್ಮ ಕಡೆ ‘ಎಚ್.ಡಿ.’ ಅಂತ ಬಿಲ್ಲೆ ಯಾಕೆ ಕಾಣಲ್ಲ? ಮಂಜರಾಬಾದಿಗೆ ಎಂ.ಡಿ. ಯಾಕಿಲ್ಲ?

ಮಂಜರಾಬಾದಿ:
ಮಂಜರಾಬಾದು ಜಿಲ್ಲೆ ಅಲ್ಲ ಸ್ವಾಮಿ, ತಾಲ್ಲೂಕು, ಈಗಿನ ಸಕಲೇಶಪುರ. ಹಾಸನ ಊರಿಗೂ ಜಿಲ್ಲೆಗೂ ಒಂದೇ ಹೆಸರು, ಎರಡು ಸಲ ಯಾಕೆ ಕೊರೆಸ್ತಾರೆ? ಕಡೂರು ಜಿಲ್ಲೆಯ ಕಚೇರಿ ಇದ್ದದ್ದು ಚಿಕ್ಕಮಗಳೂರಿನಲ್ಲಿ. ಊರು ಒಂದು, ಜಿಲ್ಲೆಯ ಹೆಸರು ಇನ್ನೊಂದು. ಅದಕ್ಕೇ ಬರೀಬೇಕಾಗ್ತಿತ್ತು.

ಅರಕಲಗೂಡು73:
ವಾದ ಚೆನ್ನಾಗಿದೆ, ಸಾಕ್ಷಿ ಎಲ್ಲಿ? ಇನ್ನೊಂದು, ಲಾಟು ಮೂಡಿಗೆರೆ ಕಡೇದು ಅಂತ ಬಿಲ್ಲೆಯೂ ಮೂಡಿಗೆರೆದಾಗಲ್ಲ. ಹಿತ್ತಾಳೆ ತೂಕಕ್ಕೆ ಮಾರೋ ಮಾಲು, ಮಂಗಳೂರಿಂದ ಘಾಟಿ ಹತ್ತಿರಬಹುದು, ಅರಸೀಕೆರೆಯಿಂದ ಬಂದಿರಬಹುದು.

ಕಾಸುಕಾಳು:
ಇದು ಸರಿಯಾದ ಮಾತು. ಸಿಕ್ಕ ಜಾಗ ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಆದ್ರೆ ಒಂದೇ ಬಿಲ್ಲೆ ಸಿಗೋದಕ್ಕೂ ಒಂದೇ ಥರದ 14 ಒಟ್ಟಿಗೆ ಸಿಗೋದಕ್ಕೂ ವ್ಯತ್ಯಾಸ ಇದೆ. ಕೈಬದಲಾಗ್ತಾ ತಿರುಗಿದ ಬಿಲ್ಲೆ ಚೆದುರುತ್ತೆ. ಗುಂಪಾಗಿ ಉಳಿದದ್ದು ಹೆಚ್ಚಾಗಿ ಕೊಟ್ಟವನ ಪೆಟ್ಟಿಗೆಯಲ್ಲೇ ಉಳಿದದ್ದು.

ತೋಟದಬೇಲಿ:
ನೋಡಿದೆ. ಎಂ. ಅಕ್ಷರದ ಬಲಗಾಲು ಹದಿನಾಲ್ಕರಲ್ಲೂ ತುಂಡು. ಗೀಟಿನ ಎರಡೂ ಬದಿ ಉಗುರಿಗೆ ಸಿಗುತ್ತೆ, ಬಿಲ್ಲೆಯಿಂದ ಬಿಲ್ಲೆಗೆ ವಾಲಿದೆ. ತೂತು 2.5 ಮಿ.ಮೀ., ಮುಂದಿನಿಂದ ಹೊಡೆದದ್ದು.

ಮುಖ್ಯವಾದ್ದು: ಟಾರ್ಚು ಮಲಗಿಸಿದಾಗ ಮೇಲ್ಗಡೆ ಅಂಚಿಗೆ ಕಮಾನಾಗಿ ಸವೆದ ಅಕ್ಷರ ಕಂಡ್ವು! ಗೀಚು ಅಂದ್ಕೊಂಡಿದ್ದೆ. ಐದು ಬಿಲ್ಲೆ ಉಜ್ಜಿ ಒಟ್ಟು ಮಾಡಿದ್ರೆ, ತೂತಿನ ಎಡಕ್ಕೆ ಎಂ, ಯು, ಡಿ. ಬಲಕ್ಕೆ ಇ, ಆರ್, ಇ. ನಡುವಿನದು ತೂತಿನ ಪಾಲು.

ಮಂಜರಾಬಾದಿ:
ಮೂಡಿಗೆರೆ!!

ಅರಕಲಗೂಡು73:
ಮೂಡಿಗೆರೆ ಬರೆಯೋಕೆ ಡಿ ಆದ್ಮೇಲೆ ಐ, ಜಿ ಎರಡು ಬೇಕು. 2.5 ಮಿ.ಮೀ. ತೂತಿನಲ್ಲಿ ಎರಡಕ್ಷರ ಹೋಗಿದೆಯಾ?

ಹಾಸನದ ತಕ್ಕಡಿ:
ಅಳೆದುಬಿಡಿ, ಜಗಳ ಯಾಕೆ. ಎಂ ನಡುವಿಂದ ಯು ನಡುವಿಗೆ ಎಷ್ಟು, ಯು ನಡುವಿಂದ ಡಿ ನಡುವಿಗೆ ಎಷ್ಟು. ಅದು 2 ಮಿ.ಮೀ. ಆದ್ರೆ, ಡಿ ನಡುವಿಂದ ತೂತಿನ ಆಚೆಯ ಇ ನಡುವಿಗೆ 4 ಬಂದ್ರೆ ಹೋಗಿದ್ದು ಒಂದಕ್ಷರ, 6 ಬಂದ್ರೆ ಎರಡು. ಕಮಾನಿನ ಮೇಲೇ ಅಳೀಬೇಕು, ನೇರ ಅಡ್ಡಕ್ಕಲ್ಲ. ಕಾಗದದ ಪಟ್ಟಿ ಬಗ್ಗಿಸಿ ಗುರುತು ಹಾಕಿ. ‘ಐ’ ಸಪೂರ ಅಕ್ಷರ, ಅದಕ್ಕೆ ಪೂರ್ತಿ 2 ಬೇಡ, ಹಾಗಾಗಿ ಐದೂವರೆ ಬಂದ್ರೂ ಎರಡಕ್ಷರ ಅಂತಲೇ ಹಿಡೀರಿ.

ತೋಟದಬೇಲಿ:
ಅಕ್ಷರದ ಅಂತರ 2.0, 2.1. ಡಿಯಿಂದ ಇಗೆ 4.1. ಮೂರು ಬಿಲ್ಲೆಯಲ್ಲೂ ಅಷ್ಟೇ.

ಒಗ್ಗರಣೆ:
ಐ ಎಲ್ಲಿ ಹೋಯ್ತು? ಸಾಲಗಾರನ ಜೊತೆ ಓಡಿಹೋಯ್ತು.

ಮಂಜರಾಬಾದಿ:
ಐ ಇರಲೇ ಇಲ್ಲ. ಹಳೇ ಇಂಗ್ಲಿಷ್ ಗೆಜೆಟಿಯರಿನಲ್ಲಿ ಊರಿನ ಹೆಸರು ‘ಮುಡ್ಗೆರೆ’, ಎಂ-ಯು-ಡಿ-ಜಿ-ಇ-ಆರ್-ಇ, ಏಳಕ್ಷರ. ಇಂಪೀರಿಯಲ್ ಗೆಜೆಟಿಯರ್ ತೆಗೆದು ನೋಡಿ, ಕಡೂರು ಜಿಲ್ಲೆಯ ತಾಲ್ಲೂಕು ಅಂತ ಇದೇ ಕಾಗುಣಿತದಲ್ಲಿದೆ. ಏಳಕ್ಷರದ ನಟ್ಟನಡುವಿನದು ಜಿ, ಸರಿಯಾಗಿ ನೆತ್ತಿಗೆ ಬರುತ್ತೆ, ಅಲ್ಲೇ ತೂತು ಬಿದ್ದಿದೆ. ಮೇಲೆ ಮುಡ್ಗೆರೆ, ನಡುವೆ ಎಸ್.ಎಂ., ಕೆಳಗೆ ಕಡೂರ್ ಡಿಸ್ಟ್ರಿಕ್ಟ್. ಊರು, ಹೆಸರು, ಜಿಲ್ಲೆ. ಇನ್ನೇನು ಬೇಕು?

ಕಾಸುಕಾಳು:
ಭೇಷ್. ಆದ್ರೆ 1947ಕ್ಕೆ ಮುಂಚಿನದು ಅಂತ ಮೊಹರು ಹೊಡೀಬೇಡಿ. ಅಚ್ಚು ಕೊರೆದದ್ದು 1947ಕ್ಕೆ ಮುಂಚೆ, ಅಷ್ಟು ಮಾತ್ರ. ಜಿಲ್ಲೆಯ ಹೆಸರು ಬದಲಾಯ್ತು ಅಂತ ಯಾವ ಸಾಹುಕಾರನೂ ಇರೋ ಬಿಲ್ಲೆ ಎಸೆದು ಹೊಸದು ಹೊಡೆಸಲ್ಲ. ಕಾಗುಣಿತವೂ ಹಾಗೇ, ಹಳೇದು ಹೊಸದು ಬಹಳ ಕಾಲ ಜೊತೆಗೇ ನಡೀತವೆ.

ಊರಿನ ಹೆಸರು ಇರೋದರಿಂದ ಇನ್ನೊಂದು ವಿಷಯ ಹೊರಬಿತ್ತು. ತೋಟದ ಬಿಲ್ಲೆಗೆ ತೋಟದ ಹೆಸರೋ ಅದರ ಮಾರ್ಕೋ ಸಾಕು, ಅದು ಗೇಟು ದಾಟಲ್ಲ. ಊರು, ಜಿಲ್ಲೆ ಎರಡೂ ಹಾಕಿಸೋನು ಪೇಟೆಯಲ್ಲಿ ಕೂತ ವ್ಯಾಪಾರಿ, ಮಂಡಿಯವನು. ಅವನ ಬಿಲ್ಲೆ ಹತ್ತು ಕೈ ದಾಟಿ ವಾಪಸ್ ಬರ್ಬೇಕು.

ಅರಕಲಗೂಡು73:
ಮತ್ತೆ ಗೀಟು, ತೂತು?

ಗೀಟುಲೆಕ್ಕ:
ಅದು ಎರಡನೇ ಸಂಸಾರ. ತೂತು ಊರಿನ ಹೆಸರನ್ನೇ ತಿಂದಿದೆ. ಹೊಡೆಸಿದವನೇ ತೂತು ಬೇಕು ಅಂದಿದ್ರೆ ಅಚ್ಚಿನಲ್ಲೇ ಜಾಗ ಬಿಡಿಸ್ತಿದ್ದ. ಗೀಟು ಉಳಿಯಿಂದ ಹೊಡೆದದ್ದು, ಕೈಕೆಲಸ. ಅಂಗಡಿ ಬಿಲ್ಲೆಯನ್ನ ಯಾರೋ ತೋಟಕ್ಕೆ ತಂದು, ತೂತು ಹೊಡೆದು ದಾರಕ್ಕೆ ಪೋಣಿಸಿ ಮೇಸ್ತ್ರಿ ಕೈಗೆ ಕೊಟ್ಟಿದ್ದಾರೆ. ಬಟವಾಡೆ ದಿನ ಕಾಲಾಳು, ಅರೆಯಾಳು ಎಣಿಸೋಕೆ.

ಅರಕಲಗೂಡು73:
ಇಲ್ಲಾಂದ್ರೆ ಒಂದು ಬುಟ್ಟಿ, ಎರಡು ಬುಟ್ಟಿ ಎಣಿಸೋಕೆ. ಮೊದಲ ದಿನದಿಂದ ಅದನ್ನೇ ಹೇಳ್ತಿದ್ದೀನಿ.

ಲಕ್ಕಿ_ಕಡೂರು:
ಅಣ್ಣ ಇಷ್ಟೆಲ್ಲ ಆದ್ಮೇಲೆ ಬೆಲೆ?

ಹಾಸನದ ತಕ್ಕಡಿ:
ಬಿಡಿಯಾಗಿ ಮಾರಿದ್ರೆ ಕುಯ್ಲಿನ ಒಂದು ದಿನದ ಕೂಲಿಯೂ ಹುಟ್ಟಲ್ಲ. ಹದಿನಾಲ್ಕನ್ನೂ ಒಟ್ಟಿಗಿಟ್ಟು, ತೂಕ, ಅಳತೆ, ಉಜ್ಜಿದ ಕಾಗದ ಜೊತೆಗಿಟ್ರೆ ಸಂಗ್ರಹಕಾರರು ಮಾತಾಡಿಸ್ತಾರೆ. ನೂರು ವರ್ಷ ದಾಟಿದ್ದಾದ್ರೆ ಪರದೇಶಕ್ಕೆ ಕಳಿಸೋ ಹಾಗಿಲ್ಲ, 1972ರ ಕಾಯ್ದೆ ಇದೆ. ಇಂಥದ್ದು ಮಣ್ಣು ಅಗೆಯುವಾಗ ಸಿಕ್ರೆ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸ್ಬೇಕು, ಅದು ನಿಧಿ ಕಾಯ್ದೆ.

ತೋಟದಬೇಲಿ:
ಎಸ್.ಎಂ. ಯಾರು ಅಂತ ಹುಡುಕೋದು ಹೇಗೆ ಈಗ?

ಕಾಸುಕಾಳು:
ಈಗ ಹುಡುಕೋ ಜಾಗ ಸಣ್ಣದಾಯ್ತಲ್ಲ. 1947ಕ್ಕೆ ಮುಂಚಿನ ಮೂಡಿಗೆರೆ ಪೇಟೆ, ಎಸ್.ಎಂ. ಹೆಸರಿನವರು. ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತ ಇವೆ, ಮೂಡಿಗೆರೆ ತಾಲ್ಲೂಕು ಅಂತ ಕೇಳುವಾಗ ಎರಡೂ ಕಾಗುಣಿತ ಕೊಡಿ. ಥ್ಯಾಕರ್ಸ್ ಡೈರೆಕ್ಟರಿಯಲ್ಲಿ ಕಾಫಿ ತೋಟಗಳ ಪಟ್ಟಿ ಇರುತ್ತೆ. ಅದು ನಿಮ್ಮ ಎರಡನೇ ಯಜಮಾನನಿಗೆ ಉಪಯೋಗ, ಮೊದಲನೆಯವನಿಗಲ್ಲ. ಹಳೇ ಕ್ರಯಪತ್ರದ ಸಾಕ್ಷಿ ಸಹಿ, ಅಂಗಡಿ ರಸೀದಿಯ ತಲೆಬರಹ ಇವೂ ನೋಡಿ. ಅದೇ ಲಾಟಿನಲ್ಲಿ ಚೀಲಕ್ಕೆ ಮಾರ್ಕು ಹಾಕೋ ಅಚ್ಚುತಗಡು ಬಂದಿದೆಯಾ? ಕಾಫಿ ಚೀಲದ ಮೇಲಿನ ಮಾರ್ಕೂ ಬಿಲ್ಲೆ ಮೇಲಿನ ಅಕ್ಷರವೂ ಒಂದೇ ಆಗಿರೋದುಂಟು.

ತೋಟದಬೇಲಿ:
ತಗಡು ಒಂದಿದೆ, ತುಕ್ಕು ಹಿಡಿದು ಮಡಚಿಕೊಂಡಿದೆ. ಬಿಡಿಸಿದ್ರೆ ಮುರಿಯೋ ಹಾಗಿದೆ.

ಕಂಚುಕಲೆ:
ಬಿಡಿಸ್ಬೇಡಿ! ಮಡಿಕೆ ಒಳಗೆ ಟಾರ್ಚು ಹಿಡಿದು ಗೋಡೆ ಮೇಲೆ ನೆರಳು ಬೀಳಿಸಿ, ಕೊರೆದ ಅಕ್ಷರ ಬೆಳಕಾಗಿ ಕಾಣುತ್ತೆ.

ಅರಕಲಗೂಡು73:
ಕೆ.ಡಿ. ವಿಷಯದಲ್ಲಿ ಸೋತೆ, ಒಪ್ಕೊಂಡೆ. ಬುಟ್ಟಿ ವಿಷಯದಲ್ಲಿ ಮೂರು ಗೀಟಿನ ಬಿಲ್ಲೆ ತೋರಿಸೋವರೆಗೆ ಒಪ್ಪಲ್ಲ.

ಗೀಟುಲೆಕ್ಕ:
ಮೂರು ಗೀಟು ಸಿಕ್ರೆ ನಿಮಗೂ ಅಷ್ಟೇ, ನನಗೂ ಅಷ್ಟೇ. ನಾಲ್ಕು ಗೀಟಿಂದು ಹುಡುಕಿ ತನ್ನಿ, ಆಗ ಸೋತೆ ಅಂತೀನಿ.